ಮೀನಖಂಡ ಹಿಡಿತಕ್ಕೆ ಚೀನಿ ಕಷಾಯ: ಬಿಪಿ ಮಾತ್ರೆ ಜೊತೆ ಜೇಷ್ಠಮಧು ಕೊಡಬಹುದಾ?

ತುಮಕೂರು_ಮೂಲಿಕೆ:
ಅಮ್ಮನಿಗೆ 66. ರಾತ್ರಿ ಮಲಗಿದ ಮೇಲೆ ಮೀನಖಂಡ ಹಿಡ್ಕೊಳ್ಳುತ್ತೆ. ಚೀನಿ ವೈದ್ಯದಲ್ಲಿ ಇದಕ್ಕೆ ಶಾವ್‌ಯಾವ್ ಗಾನ್‌ಚಾವ್ ಅನ್ನೋ ಕಷಾಯ ಇದೆ. ಎರಡೇ ಮೂಲಿಕೆ: ಬಿಳಿ ಪಿಯೋನಿ ಬೇರು, ಜೇಷ್ಠಮಧು. ಪಿಯೋನಿ ತರಿಸಿದ್ದೀನಿ, ಜೇಷ್ಠಮಧು ಇಲ್ಲೇ ಗ್ರಂಧಿಗೆ ಅಂಗಡೀಲಿ ಸಿಗುತ್ತೆ. ಒಟ್ಟಿಗೆ ಸೇರಿಸಬಾರದ ಮೂಲಿಕೆಗಳ ಚೀನಿ ಪಟ್ಟಿ 'ಹದಿನೆಂಟು ವಿರುದ್ಧಗಳು', ಅದರಲ್ಲಿ ಈ ಜೋಡಿ ಇಲ್ಲ. ಬಿಪಿಗೆ ಟೆಲ್ಮಿಸಾರ್ಟನ್-ಎಚ್ ತಗೋತಾರೆ. ದಿನಕ್ಕೆ ಆರಾರು ಗ್ರಾಂ ಹಾಕಿ ಕುದಿಸಿ ಕೊಡಬಹುದಾ?

ಕಷಾಯ_ಕೋಲಾರ:
ಕೊಡಬೇಡಿ. ತೊಂದರೆ ಪಿಯೋನಿಯಿಂದಲ್ಲ, ಮಾತ್ರೆ ಹೆಸರಿನ ಕೊನೆಯ 'ಎಚ್'ನಿಂದ. ಅದು ಹೈಡ್ರೋಕ್ಲೋರೋಥಯಜೈಡ್, ನೀರಿಳಿಸುವ ಔಷಧ. ಮೂತ್ರದಲ್ಲಿ ಸೋಡಿಯಂ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತೆ. ಜೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಅನ್ನೋ ಅಂಶವೂ ಪೊಟ್ಯಾಸಿಯಂ ಇಳಿಸುತ್ತೆ, ಬೇರೆ ದಾರೀಲಿ: ಮೂತ್ರಪಿಂಡದಲ್ಲಿ ಕಾರ್ಟಿಸೋಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತೆ. ಆಗ ಕಾರ್ಟಿಸೋಲೇ ಉಪ್ಪು ಹಿಡಿದಿಡುವ ಆಲ್ಡೋಸ್ಟೆರೋನ್ ಹಾರ್ಮೋನಿನ ಕೆಲಸಕ್ಕಿಳಿದು ಉಪ್ಪು-ನೀರು ಮೈಯಲ್ಲಿ ಉಳಿಯುತ್ತೆ, ಬಿಪಿ ಏರುತ್ತೆ, ಪೊಟ್ಯಾಸಿಯಂ ಸೋರುತ್ತೆ.

ಪ್ರಮಾಣ ನೋಡಿ. ಬೇರಲ್ಲಿ ಕನಿಷ್ಠ 2% ಗ್ಲಿಸಿರೈಜಿನ್ ಇರಬೇಕು ಅಂತ ಚೀನಾದ ಔಷಧಕೋಶ ಹೇಳುತ್ತೆ. 6 ಗ್ರಾಮಿಗೆ 120 ಮಿಲಿಗ್ರಾಂ ಆಯ್ತು. ದಿನಾ ತಗೊಳ್ಳುವವರಿಗೆ ಯುರೋಪಿನ ತಜ್ಞರ ಸಮಿತಿ ಹಾಕಿದ ಮಿತಿ 100. ಕುದಿಸಿದಾಗ ಪೂರ್ತಿ ಇಳಿಯದಿದ್ದರೂ ಮಿತಿಯ ಅಂಚಿಗೇ ಬರುತ್ತೆ, ಅದೂ ಮಾತ್ರೆ ಇಲ್ಲದವರ ಲೆಕ್ಕದಲ್ಲಿ.

ಇನ್ನೊಂದು ಮುಖ್ಯ ಮಾತು: ಪೊಟ್ಯಾಸಿಯಂ ಇಳಿದರೂ ಮೀನಖಂಡ ಹಿಡ್ಕೊಳ್ಳುತ್ತೆ. ಕಾರಣ ಅದೇ ಆಗಿದ್ದರೆ ಈ ಕಷಾಯ ರೋಗವನ್ನೇ ಬೆಳೆಸುತ್ತೆ. ಮೊದಲು ರಕ್ತದ ಲವಣ ನೋಡುವ ಸೀರಂ ಎಲೆಕ್ಟ್ರೋಲೈಟ್ಸ್, ಮೂತ್ರಪಿಂಡದ ಕೆಲಸ ನೋಡುವ ಕ್ರಿಯಾಟಿನಿನ್ ಮಾಡಿಸಿ. ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿದ್ದರೆ ರಿಪೋರ್ಟ್ ಹಿಡಿದು ವೈದ್ಯರ ಹತ್ತಿರ ಹೋಗಿ. ಬಿಪಿ ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಸಿದ್ಧರಬೆಟ್ಟ_ಹಾದಿ:
ಪಟ್ಟಿ ಬಗ್ಗೆ. ಹದಿನೆಂಟು ವಿರುದ್ಧಗಳಲ್ಲಿ ಮೂರು ಗುಂಪು. ಜೇಷ್ಠಮಧು ಜೊತೆ ಗಾನ್‌ಸ್ವೇ, ದಾಜಿ, ಯುವಾನ್‌ಹುವಾ, ಹಾಯ್‌ಜಾವ್ ಎಂಬ ಕಡಲಪಾಚಿ ಸೇರಬಾರದು. ವತ್ಸನಾಭಿ ಜಾತಿಯ ಬೇರುಗಳ ಜೊತೆ ಬಾನ್‌ಶಿಯಾ, ಬೇಮು ಮುಂತಾದವು ಕೂಡದು. ಲೀಲು ಎಂಬ ಬೇರಿನ ಜೊತೆ ಜಿನ್ಸೆಂಗ್, ಪಿಯೋನಿ ಕೂಡದು. ಇಷ್ಟೂ ಮೂಲಿಕೆಗೆ ಮೂಲಿಕೆ ವಿರುದ್ಧ. ಪಟ್ಟಿ ಹುಟ್ಟಿದ ಕಾಲಕ್ಕೆ ಮಾತ್ರೆಗಳೇ ಇರಲಿಲ್ಲ, ಹಾಗಾಗಿ ಅದರಲ್ಲಿಲ್ಲ ಅಂದ ಮಾತ್ರಕ್ಕೆ ಬಿಪಿ ಮಾತ್ರೆ ಜೊತೆ ಸರಿ ಅಂತಲ್ಲ. ಹೃದಯದ ಔಷಧ ಡಿಗಾಕ್ಸಿನ್ ತಗೊಳ್ಳುವವರಿಗಂತೂ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಪ್ಪಬಹುದು.

ಅಂಗಡಿ ಸರಕಿನ ಮೇಲೂ ಕಣ್ಣಿರಲಿ. ಜೇಷ್ಠಮಧುವಿಗೆ ಬದಲು ಗುಲಗಂಜಿ ಬೇರು ಬರೋದುಂಟು. ಅಸಲಿ ಬೇರು ಮುರಿದರೆ ಒಳಗೆ ಹಳದಿ, ನಾರುನಾರು, ಬಾಯಲ್ಲಿ ಸಿಹಿ ತುಂಬ ಹೊತ್ತು ಉಳಿಯುತ್ತೆ. ಪುಡಿ ತಗೊಂಡರೆ ಇದ್ಯಾವುದೂ ತಿಳಿಯಲ್ಲ.

ತುಮಕೂರು_ಮೂಲಿಕೆ:
ತಿಪಟೂರಿನ ಎಳನೀರು ಕುಡಿಸಿ ಪೊಟ್ಯಾಸಿಯಂ ಸರಿದೂಗಿಸಬಹುದಲ್ವಾ? ಕೆಮ್ಮಿಗೆ ಆಗಾಗ ಜೇಷ್ಠಮಧು ಪುಡಿ, ಜೇನು ಕೊಡ್ತೀವಿ, ಅದು?

ಕಷಾಯ_ಕೋಲಾರ:
ಎಳನೀರನ್ನ ಲೆಕ್ಕಕ್ಕೆ ಹಿಡಿಯಬೇಡಿ. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಏರಿಸುವ ಕಡೆಯದು. ಕ್ರಿಯಾಟಿನಿನ್ ಜಾಸ್ತಿ ಇದ್ದರೆ ಅತಿಯಾಗಿ ಏರಿ ಅಪಾಯ ತರುತ್ತೆ. ರಿಪೋರ್ಟ್ ಬರುವ ತನಕ ಹೆಚ್ಚು ಕುಡಿಸಬೇಡಿ. ಕೆಮ್ಮಿನ ಪುಡಿಯೂ ಇದೇ ಲೆಕ್ಕಕ್ಕೆ ಸೇರುತ್ತೆ, ನಿಲ್ಲಿಸಿ. ನಿಲ್ಲಿಸಿದ ಮೇಲೂ ಪರಿಣಾಮ ಒಂದೆರಡು ವಾರ ಉಳಿಯಬಹುದು. ಪಾದ ಊತ, ತೂಕ ಏರೋದು, ಕೈಕಾಲಲ್ಲಿ ಬಲ ಇಲ್ಲದಿರೋದು, ಎದೆ ಬಡಿತ ತಪ್ಪೋದು ಕಂಡರೆ ಕಾಯದೆ ಅವತ್ತೇ ಇಸಿಜಿ ಮಾಡಿಸಿ.