ಗ್ರಂಥಪಾಲಕರನ್ನು ಕೇಳಿ: ಒಂದು ಬೀರು ಪುಸ್ತಕ, ಕ್ಲಾಸ್ ತುಂಬಾ ಮದಕರಿ ನಾಯಕ

(ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಶಿಕ್ಷಕರು ಮತ್ತು ಪೋಷಕರ ಗುಂಪು. ಉತ್ತರ ಕೊಡುತ್ತಿರುವವರು ಚಿತ್ರದುರ್ಗದ ನಿವೃತ್ತ ಶಾಲಾ ಗ್ರಂಥಪಾಲಕರು.)

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಹಿರಿಯೂರು ತಾಲ್ಲೂಕು

ಸರ್, ನಮಸ್ತೆ. ನಮ್ಮದು ಸರ್ಕಾರಿ ಪ್ರೌಢಶಾಲೆ. ಲೈಬ್ರರಿಯನ್ ಇಲ್ಲ, ಲೈಬ್ರರಿ ಚಾರ್ಜ್ ನನಗೇ ಬಂದಿದೆ. ಒಂಬತ್ತನೇ ಕ್ಲಾಸಿನವರಿಗೆ ‘ಒಬ್ಬ ಐತಿಹಾಸಿಕ ವ್ಯಕ್ತಿ’ ಅಂತ ಪ್ರಾಜೆಕ್ಟ್ ಕೊಟ್ಟೆ. ಅರ್ಧಕ್ಕರ್ಧ ಮಕ್ಕಳು ಮದಕರಿ ನಾಯಕನನ್ನೇ ತಂದರು. ಎಲ್ಲರದ್ದೂ ಒಂದೇ ಜೆರಾಕ್ಸ್ ಅಂಗಡಿಯ ಪ್ರಿಂಟ್. ಅಕ್ಷರ ತಪ್ಪುಗಳೂ ಒಂದೇ! ಈ ಸಲ ಬೀರು ತೆಗೆದು ಪುಸ್ತಕದಿಂದಲೇ ಮಾಡಿಸೋಣ ಅಂತಿದ್ದೇನೆ. ಇರುವುದು ಒಂದು ಬೀರು ಪುಸ್ತಕ, ವಾರಕ್ಕೆ ಒಂದು ಪೀರಿಯಡ್. ಎಲ್ಲಿಂದ ಶುರು ಮಾಡಲಿ?

ಉತ್ತರ

ಮೇಡಂ, ಬೀರು ತೆಗೆಯುವ ಮೊದಲು ವಿಷಯ ಕೊಡುವ ರೀತಿ ಬದಲಾಯಿಸಿ. ‘ಮದಕರಿ ನಾಯಕ’ ಅಂತ ಬರೀ ಹೆಸರು ಕೊಟ್ಟರೆ ಮಗು ಹುಟ್ಟು, ಆಳ್ವಿಕೆ, ಸಾವು ಬರೆದು ಮುಗಿಸುತ್ತದೆ. ಅದು ಅಂಗಡಿಯಲ್ಲೇ ಸಿಗುತ್ತದೆ, ಮಕ್ಕಳದ್ದೇನು ತಪ್ಪು? ಹೆಸರಿನ ಬದಲು ಪ್ರಶ್ನೆ ಕೊಡಿ. ‘1779ರಲ್ಲಿ ಕೋಟೆ ಹೈದರ್ ಅಲಿಯ ಕೈಗೆ ಹೋಯಿತು. ಆಮೇಲೆ ನಾಯಕನನ್ನು ಎಲ್ಲಿಗೆ ಕರೆದುಕೊಂಡು ಹೋದರು?’ ‘ಅಷ್ಟು ಎತ್ತರದ ಕಲ್ಲಿನ ಕೋಟೆಯೊಳಗೆ ಜನಕ್ಕೆ ನೀರು ಎಲ್ಲಿಂದ?’ ಮೊದಲನೆಯದಕ್ಕೆ ಶ್ರೀರಂಗಪಟ್ಟಣದ ಸೆರೆ ಅಂತ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಹೊಂಡಗಳ ಕಥೆ ತೆರೆದುಕೊಳ್ಳುತ್ತದೆ. ಎರಡಕ್ಕೂ ರೆಡಿ ಪ್ರಿಂಟ್ ಇರುವುದಿಲ್ಲ.

ಮದಕರಿ ವಿಷಯದಲ್ಲಿ ಇನ್ನೊಂದು ತೊಡಕಿದೆ. ಆ ಹೆಸರಿನ ನಾಯಕರು ದುರ್ಗದಲ್ಲಿ ಒಬ್ಬರಿಗಿಂತ ಜಾಸ್ತಿ. 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಬಿದ್ದವನು ಹಿರಿಯ ಮದಕರಿ. ಹೈದರ್ ಎದುರು ಸೋತವನು ಕೊನೆಯ ಮದಕರಿ. ಪ್ರಿಂಟುಗಳಲ್ಲಿ ಇಬ್ಬರೂ ಸೇರಿ ಒಬ್ಬನೇ ಆಗಿರುತ್ತಾರೆ. ಮಾಯಕೊಂಡದಲ್ಲಿ ಸತ್ತು ಮೂವತ್ತು ವರ್ಷದ ಮೇಲೆ ಮತ್ತೆ ಕೋಟೆ ಕಾಯುತ್ತಾನೆ! ‘ನಿನ್ನ ಮದಕರಿ ಯಾವ ಮದಕರಿ?’ ಅಂತ ಕೇಳಿ. ಅಲ್ಲಿಂದ ಮಗು ತಾನೇ ಪುಟ ತಿರುವುತ್ತದೆ.

ಈಗ ಬೀರು. ‘ಇತಿಹಾಸ’ ಅಂತ ಚೀಟಿ ಅಂಟಿಸಿದ ಅಟ್ಟಣಿಗೆ ಒಂದನ್ನೇ ನೋಡಬೇಡಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಒಂದೆರಡು ಬಿಡಿ ಸಂಪುಟ ಇರಬಹುದು. ನಿರಂಜನರ ಸಂಪಾದಕತ್ವದ ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’ ಸಿಕ್ಕರೆ ನಿಮ್ಮ ಅದೃಷ್ಟ. ಭಾರತ-ಭಾರತಿ ಮಾಲೆಯ ಸಣ್ಣ ಪುಸ್ತಕಗಳಂತೂ ಹಳೆಯ ಶಾಲೆಗಳಲ್ಲಿ ಕಟ್ಟುಗಟ್ಟಲೆ ಇರುತ್ತವೆ. ಅವು ಮಕ್ಕಳಿಗೆ ಓದಲು ಸುಲಭ. ಆದರೆ ನಾಯಕರನ್ನು ಹೊಗಳುವ ಧಾಟಿಯಲ್ಲಿವೆ, ಅದನ್ನೂ ಮಕ್ಕಳಿಗೆ ಹೇಳಿ. ಇವೆಲ್ಲಕ್ಕಿಂತ ನಾನು ಮೊದಲು ಹುಡುಕುವುದು ಸ್ಮರಣ ಸಂಚಿಕೆಗಳನ್ನು. ಸಾಹಿತ್ಯ ಸಮ್ಮೇಳನದ್ದು, ಊರ ಜಾತ್ರೆಯದ್ದು, ಶಾಲೆಯ ಸುವರ್ಣ ಮಹೋತ್ಸವದ್ದು. ಯಾರೋ ಬಿಟ್ಟಿ ಕೊಟ್ಟು ಹೋಗಿರುತ್ತಾರೆ, ಒಬ್ಬರೂ ತೆರೆದಿರುವುದಿಲ್ಲ. ಊರಿನ ಹಿರಿಯರು ಬರೆದ ಸ್ಥಳೀಯ ಇತಿಹಾಸ ಅಲ್ಲೇ ಸಿಗುವುದು.

ಮೊದಲ ಪೀರಿಯಡ್‌ನಲ್ಲಿ ಏನೂ ಬರೆಸಬೇಡಿ. ನಾಲ್ಕು ಮಕ್ಕಳಿಗೆ ಒಂದು ಪುಸ್ತಕ ಕೊಟ್ಟು ಪರಿವಿಡಿ ಎಲ್ಲಿ, ಕೊನೆಯ ಪದಸೂಚಿ ಎಲ್ಲಿ, ಅಚ್ಚಾದ ವರ್ಷ ಎಲ್ಲಿ ಅಂತ ಹುಡುಕಿಸಿ, ಸಾಕು. ವಿಶ್ವಕೋಶದಲ್ಲಿ ಇನಿಷಿಯಲ್ ಬಿಟ್ಟು ಹೆಸರಿನಿಂದ ನೋಡಬೇಕು ಅನ್ನುವುದು ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ‘ಎಸ್. ನಿಜಲಿಂಗಪ್ಪ’ ಅಂತ ‘ಎ’ ಅಕ್ಷರದಲ್ಲಿ ಹುಡುಕುತ್ತಾ ಕೂರುತ್ತಾರೆ. ಇಂಗ್ಲಿಷ್ ಪುಸ್ತಕ ಹಳೆಯದಾದರೆ ನಮ್ಮ ಊರು ‘ಚಿತಲ್‌ಡ್ರೂಗ್’ ಅಂತ ಇರುತ್ತದೆ. ಅದನ್ನೂ ಬೋರ್ಡಿನ ಮೇಲೆ ಬರೆದುಬಿಡಿ.

ಎರಡನೇ ವಾರದಿಂದ ಚೀಟಿ. ರಫ್ ನೋಟಿನ ಹಾಳೆಯನ್ನು ನಾಲ್ಕು ಮಾಡಿ. ಒಂದು ಚೀಟಿಗೆ ಒಂದೇ ಸಂಗತಿ. ಕೆಳಗೆ ಪುಸ್ತಕದ ಹೆಸರು, ಪುಟ ಸಂಖ್ಯೆ. ಸಂಗತಿಯನ್ನು ಪುಸ್ತಕ ಮುಚ್ಚಿಟ್ಟು ಬರೆಯಬೇಕು, ನಕಲು ತಪ್ಪಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮುಚ್ಚಿದ ಮೇಲೆ ಏನೂ ನೆನಪಿಗೆ ಬರದಿದ್ದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ, ಮತ್ತೆ ಓದಲಿ. ಅಂಕವನ್ನು ಚೀಟಿಗಳಿಗೆ ಕೊಡಿ. ಬಣ್ಣದ ಚಾರ್ಟಿಗೆ ಅಂಕ ಕೊಡುವವರೆಗೂ ಜೆರಾಕ್ಸ್ ಅಂಗಡಿಯವರಿಗೇ ಲಾಭ.

ಪ್ರಶ್ನೆ: ಶಿಕ್ಷಕರು, ದಾವಣಗೆರೆ

ಸರ್, ನಮ್ಮದು ಬೇರೆ ಕಷ್ಟ. ನಮ್ಮ ಶಾಲೆ ಲೈಬ್ರರಿಯಲ್ಲಿ ದಾವಣಗೆರೆ ಜಿಲ್ಲೆಯ ಇತಿಹಾಸ ಅಂತ ಒಂದು ಪುಸ್ತಕವೂ ಇಲ್ಲ. ಜೊತೆಗೆ ಒಬ್ಬ ಹುಡುಗ ನಿಜಲಿಂಗಪ್ಪನವರ ಬಗ್ಗೆ ಮಾಡುತ್ತಿದ್ದಾನೆ. ಅವರ ಹುಟ್ಟೂರು ಹಲುವಾಗಲು. ಒಂದು ಪುಸ್ತಕದಲ್ಲಿ ಅದು ಬಳ್ಳಾರಿ ಜಿಲ್ಲೆ, ಇನ್ನೊಂದರಲ್ಲಿ ದಾವಣಗೆರೆ, ಮೊಬೈಲ್‌ನಲ್ಲಿ ವಿಜಯನಗರ. ಯಾವುದು ತಪ್ಪು?

ಉತ್ತರ

ಯಾವುದೂ ತಪ್ಪಲ್ಲ ಮೇಷ್ಟ್ರೇ. ಆ ಹುಡುಗನಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ.

ಹಲುವಾಗಲು ಇರುವುದು ಹರಪನಹಳ್ಳಿ ತಾಲ್ಲೂಕಿನಲ್ಲಿ. ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು. ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿ ನಿಮ್ಮ ಕಡೆ ಸೇರಿತು. 2018ರಲ್ಲಿ ವಾಪಸ್ ಬಳ್ಳಾರಿ, 2021ರಲ್ಲಿ ವಿಜಯನಗರ. ಊರು ಕದಲಲಿಲ್ಲ, ಗಡಿ ಕದಲಿತು. ಪುಸ್ತಕ ಯಾವ ವರ್ಷ ಅಚ್ಚಾಯಿತು ಅಂತ ನೋಡಿದರೆ ಅದು ಯಾಕೆ ಹಾಗೆ ಹೇಳುತ್ತದೆ ಅಂತ ಹುಡುಗನಿಗೇ ಹೊಳೆಯುತ್ತದೆ. ಅವರು ತೀರಿಕೊಂಡದ್ದು 2000ದ ಆಗಸ್ಟ್ 8ರಂದು. ಅದಕ್ಕೂ ಮೊದಲು ಅಚ್ಚಾದ ಪುಸ್ತಕದಲ್ಲಿ ಆ ತಾರೀಖು ಇರುವುದಿಲ್ಲ ಅಲ್ವಾ? ಅದನ್ನೂ ಅವನೇ ಕಂಡುಹಿಡಿಯಲಿ. ನಿಜಲಿಂಗಪ್ಪನವರು ಆತ್ಮಕಥೆಯನ್ನೂ ಬರೆದಿದ್ದಾರೆ. ಸಿಕ್ಕರೆ ಒಂದು ಅಧ್ಯಾಯ ಓದಿಸಿ. ಒಬ್ಬ ಮನುಷ್ಯ ತನ್ನ ಬಗ್ಗೆ ತಾನೇ ಹೇಳುವುದಕ್ಕೂ ಬೇರೆಯವರು ಹೇಳುವುದಕ್ಕೂ ಏನು ವ್ಯತ್ಯಾಸ ಅಂತ ಒಂದು ಚೀಟಿ ಬರೆಸಿ.

ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 1997ಕ್ಕಿಂತ ಹಿಂದಿನ ಪುಸ್ತಕದಲ್ಲಿ ದಾವಣಗೆರೆ ಜಿಲ್ಲೆ ಹುಡುಕಿದರೆ ಸಿಗುವುದಿಲ್ಲ. ದಾವಣಗೆರೆ, ಹರಿಹರ, ಜಗಳೂರು ಬೇಕಾದರೆ ಚಿತ್ರದುರ್ಗ ಜಿಲ್ಲೆಯ ಗ್ಯಾಸೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ) ನೋಡಿ. ಹೊನ್ನಾಳಿ, ಚನ್ನಗಿರಿ ಬೇಕಾದರೆ ಶಿವಮೊಗ್ಗದ್ದು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳಲ್ಲೂ ಹಾಗೆಯೇ. ಚಿತ್ರದುರ್ಗ ಜಿಲ್ಲೆಯದ್ದು 11ನೇ ಸಂಪುಟ. ಹೊನ್ನಾಳಿ, ಚನ್ನಗಿರಿ 7ರಲ್ಲಿ. ಹರಿಹರೇಶ್ವರ ದೇವಸ್ಥಾನವನ್ನು 1224ರಲ್ಲಿ ಕಟ್ಟಿಸಿದ ಹೊಯ್ಸಳ ದಂಡನಾಥ ಪೊಲಾಳ್ವನನ್ನು ಒಬ್ಬ ಹುಡುಗಿಗೆ ಕೊಡಿ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿ ಕಟ್ಟಿಸಿದ ನಾಯಕರನ್ನು ಇನ್ನೊಬ್ಬರಿಗೆ. ಇಬ್ಬರಿಗೂ ಬೇರೆ ಬೇರೆ ಜಿಲ್ಲೆಯ ಪುಸ್ತಕ ಬೇಕಾಗುತ್ತದೆ. ಈ ದಪ್ಪ ಸಂಪುಟಗಳು ಶಾಲೆಯಲ್ಲಿ ಇರುವುದು ಕಷ್ಟ. ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ ಕೇಳಿ. ಹೆಡ್ ಮಾಸ್ಟರ್ ಕೈಲಿ ಒಂದು ಪತ್ರ ಬರೆಸಿಕೊಂಡು ಹೋದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಪ್ರಶ್ನೆ: ವಿದ್ಯಾರ್ಥಿನಿ, ಹತ್ತನೇ ತರಗತಿ (ಅಮ್ಮನ ಫೋನಿಂದ)

ಸರ್, ನಮ್ಮ ಲೈಬ್ರರಿಯಲ್ಲಿ ಮದಕರಿ ನಾಯಕನ ಬಗ್ಗೆ ಸಿಕ್ಕಿದ್ದು ‘ದುರ್ಗಾಸ್ತಮಾನ’ ಮಾತ್ರ. ತುಂಬಾ ಚೆನ್ನಾಗಿದೆ. ಅದರಲ್ಲಿರೋ ಮಾತುಗಳನ್ನ ಪ್ರಾಜೆಕ್ಟಲ್ಲಿ ಹಾಕಬಹುದಾ?

ಉತ್ತರ

ಪೂರ್ತಿ ಓದಮ್ಮ, ಬಿಡಬೇಡ. ತ.ರಾ.ಸು. ಅವರ ಆ ಪುಸ್ತಕಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆದರೆ ಅದು ಕಾದಂಬರಿ. ನಾಯಕ ರಾತ್ರಿ ಹೊತ್ತು ಯಾರ ಹತ್ತಿರ ಏನು ಮಾತಾಡಿದ ಅನ್ನುವುದನ್ನು ಕಾದಂಬರಿಕಾರರು ಕಟ್ಟಿರುತ್ತಾರೆ. ಆ ಮಾತುಗಳನ್ನು ‘ಮದಕರಿ ಹೀಗೆ ಹೇಳಿದ’ ಅಂತ ಹಾಕಬೇಡ. ‘ಕಾದಂಬರಿಯಲ್ಲಿ ಮದಕರಿಯನ್ನು ಹೀಗೆ ತೋರಿಸಿದ್ದಾರೆ’ ಅಂತ ಹಾಕು.

ಡ್ಯೂಯಿ ಪದ್ಧತಿಯಲ್ಲಿ, ಅಂದರೆ ವಿಷಯಕ್ಕೊಂದು ನಂಬರ್ ಕೊಟ್ಟು ಜೋಡಿಸಿದ ಗ್ರಂಥಾಲಯಕ್ಕೆ ಹೋದರೆ ಪುಸ್ತಕದ ಬೆನ್ನಿನ ಮೇಲಿನ ನಂಬರ್ ನೋಡು. ಕನ್ನಡ ಸಾಹಿತ್ಯ 894.814, ಕರ್ನಾಟಕದ ಇತಿಹಾಸ 954.87. ಒಬ್ಬನೇ ನಾಯಕ, ಎರಡು ಕಪಾಟು. ಇತಿಹಾಸದ ಕಡೆ ಹುಲ್ಲೂರು ಶ್ರೀನಿವಾಸ ಜೋಯಿಸರ ಹೆಸರು ಕೇಳು. ದುರ್ಗದ ಇತಿಹಾಸಕ್ಕೆ ಅವರು ದೊಡ್ಡ ಕೆಲಸ ಮಾಡಿದವರು. ನಿಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ 6ರಿಂದ 18 ವರ್ಷದವರಿಗೆ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಸದಸ್ಯತ್ವ ಉಚಿತ. ಕಾರ್ಡ್ ಮಾಡಿಸಿಕೋ.

ಪ್ರಶ್ನೆ: ಪೋಷಕರು, ಚಿತ್ರದುರ್ಗ

ಒಂದು ಬೇಜಾರು ಹೇಳಿಕೊಳ್ಳಬೇಕು. ಮಗಳು ಒನಕೆ ಓಬವ್ವನ ಬಗ್ಗೆ ಬರೆದುಕೊಂಡು ಹೋದಳು. ‘ಇದಕ್ಕೆ ಆಧಾರ ಏನು?’ ಅಂತ ಕೇಳಿ ವಾಪಸ್ ಕಳಿಸಿದ್ದಾರೆ. ಮನೆಗೆ ಬಂದು ಅಳುತ್ತಿದ್ದಾಳೆ. ದುರ್ಗದ ಮಕ್ಕಳಿಗೆ ಓಬವ್ವನಿಗೆ ಆಧಾರ ಕೇಳೋದಾ ಸರ್?

ಉತ್ತರ

ನಿಮ್ಮ ಬೇಜಾರು ನನಗೆ ಅರ್ಥವಾಗುತ್ತದೆ. ಕೋಟೆಯಲ್ಲಿ ಓಬವ್ವನ ಕಿಂಡಿ ಮುಂದೆ ನಿಂತರೆ ನನಗೂ ಮೈ ಜುಂ ಅನ್ನುತ್ತದೆ. ಆದರೂ ಪ್ರಶ್ನೆ ಒಳ್ಳೆಯದೇ. ಕೇಳಿ ಸುಮ್ನೆ ಕಳಿಸಿದ್ದು ಸರಿಯಲ್ಲ, ಹುಡುಕುವ ದಾರಿಯನ್ನೂ ತೋರಿಸಬೇಕಿತ್ತು.

‘ಓಬವ್ವ ಇದ್ದಳಾ, ಇಲ್ಲವಾ’ ಅಂತ ಮಗುವನ್ನು ಜಗಳಕ್ಕೆ ನಿಲ್ಲಿಸಬೇಡಿ. ‘ಓಬವ್ವನ ಕಥೆ ನಮ್ಮವರೆಗೆ ಹೇಗೆ ಬಂತು?’ ಅಂತ ಬರೆಯಲಿ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದು, ಆಕೆ ನೀರಿಗೆ ಹೋಗಿದ್ದು, ಕಿಂಡಿಯಲ್ಲಿ ತೂರಿ ಬಂದ ಹೈದರನ ಸೈನಿಕರನ್ನು ಒನಕೆಯಿಂದ ಹೊಡೆದದ್ದು. ಇದು ಹೆಚ್ಚಾಗಿ ಜನರ ಬಾಯಲ್ಲಿ ಉಳಿದು ಬಂದದ್ದು. ರಾಜರು ತಮ್ಮ ಬಗ್ಗೆ ಶಾಸನ ಬರೆಸಿಕೊಂಡರು. ಕಾವಲುಗಾರನ ಹೆಂಡತಿಗೆ ಯಾರು ಬರೆಸುತ್ತಾರೆ ಹೇಳಿ? ಆಮೇಲೆ ಪುಸ್ತಕಗಳು ಬಂದವು. ನಾಗರಹಾವು ಸಿನಿಮಾ ಬಂದ ಮೇಲೆ ನಾಡಿನ ಜನದ ಕಣ್ಣಲ್ಲಿ ಓಬವ್ವ ಅಂದರೆ ನಟಿ ಜಯಂತಿಯವರೇ ಆಗಿಬಿಟ್ಟರು. ನಮ್ಮ ಊರಿನ ಸ್ಟೇಡಿಯಂಗೆ ಆಕೆಯ ಹೆಸರು ಬಂತು. 2021ರಿಂದ ಸರ್ಕಾರ ನವೆಂಬರ್ 11ಕ್ಕೆ ಓಬವ್ವ ಜಯಂತಿ ಮಾಡುತ್ತಿದೆ.

ಇದನ್ನೆಲ್ಲ ಕಾಲದ ಪ್ರಕಾರ ಒಂದರ ಕೆಳಗೊಂದು ಬರೆಸಿ. ಯಾವ ಪುಸ್ತಕ ಮೊದಲು, ಯಾವುದು ಸಿನಿಮಾದ ನಂತರ ಅಚ್ಚಾದದ್ದು ಅಂತ ಮಗಳು ನೋಡಲಿ. ಹೈದರ್ ದುರ್ಗಕ್ಕೆ ಮುತ್ತಿಗೆ ಹಾಕಿದ್ದು ಒಂದೇ ಸಲ ಅಲ್ಲ. ಓಬವ್ವನ ಪ್ರಸಂಗ ಯಾವ ಮುತ್ತಿಗೆಯದು ಅಂತ ಅವಳಿಗೆ ಸಿಗುವ ಪುಸ್ತಕಗಳು ಹೇಳುತ್ತವೆಯೇ ಅಂತ ಹುಡುಕಲಿ. ಜಯಂತಿಯ ದಿನವನ್ನು ಹುಟ್ಟಿದ ದಿನ ಅಂತ ಬರೆದಿದ್ದರೆ ‘ಜಯಂತಿ ಆಚರಿಸುವ ದಿನ’ ಅಂತ ತಿದ್ದಲಿ. ಅಜ್ಜಿ ಇದ್ದಾರಾ ಮನೆಯಲ್ಲಿ? ಅವರು ಹೇಳುವ ಕಥೆಯನ್ನೂ ಬರೆದುಕೊಳ್ಳಲಿ. ಅಜ್ಜಿಯ ಹೆಸರು, ಊರು, ಕೇಳಿದ ತಾರೀಖು ಕೆಳಗೆ ಹಾಕಲಿ. ಅದೂ ಆಧಾರವೇ. ಬಾಯಿಮಾತಿನ ಆಧಾರ ಅಂತ ಸ್ಪಷ್ಟವಾಗಿ ಹೇಳಿದರೆ ಯಾರೂ ವಾಪಸ್ ಕಳಿಸಲಾರರು.

ಪ್ರಶ್ನೆ: ಪೋಷಕರು, ದಾವಣಗೆರೆ

ಇಷ್ಟೆಲ್ಲ ಯಾಕೆ ಸರ್? ಮೊಬೈಲಲ್ಲಿ ಕೇಳಿದರೆ ಎಲ್ಲ ಒಂದು ನಿಮಿಷದಲ್ಲಿ ಬರುತ್ತೆ.

ಉತ್ತರ

ಬರುತ್ತೆ. ಯಾರು ಬರೆದರು, ಎಲ್ಲಿಂದ ತೆಗೆದರು ಅನ್ನುವುದು ಎಷ್ಟೋ ಸಲ ಬರುವುದಿಲ್ಲ. ಮೊಬೈಲ್ ಬೇಡ ಅಂತ ನಾನು ಹೇಳುವುದಿಲ್ಲ. ಎರಡು ಪುಸ್ತಕ ನೋಡಿದ ಮೇಲೆ ಮೂರನೆಯದಾಗಿ ಅದನ್ನು ಕೇಳಲಿ. ಅಷ್ಟು ಹೊತ್ತಿಗೆ ಮದಕರಿ ಒಬ್ಬನೇ ಅಲ್ಲ ಅಂತ ಮಗುವಿಗೆ ಗೊತ್ತಿರುತ್ತದೆ, ಮೊಬೈಲ್ ಹೇಳಿದ್ದನ್ನು ಅದೇ ತಿದ್ದುತ್ತದೆ.

ಪ್ರಶ್ನೆ: ಶಿಕ್ಷಕಿ, ಮೊಳಕಾಲ್ಮೂರು ತಾಲ್ಲೂಕು

ನಮ್ಮ ಮಕ್ಕಳೆಲ್ಲ ಅಶೋಕನನ್ನೇ ಹಿಡಿದಿದ್ದಾರೆ ಸರ್. ಟೆಕ್ಸ್ಟ್ ಬುಕ್‌ನ ಕಳಿಂಗ ಯುದ್ಧ ಬಿಟ್ಟು ಬೇರೇನೂ ಇಲ್ಲ.

ಉತ್ತರ

ನಿಮ್ಮ ತಾಲ್ಲೂಕಿನಲ್ಲಿ ಕೂತು ಕಳಿಂಗಕ್ಕೆ ಯಾಕೆ ಹೋಗಬೇಕು ಮೇಡಂ! ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅಶೋಕನ ಶಾಸನ ನಿಮ್ಮಲ್ಲೇ ಇವೆ. 1892ರಲ್ಲಿ ಪತ್ತೆ ಮಾಡಿದವರು ಅದೇ ರೈಸ್. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಮೌರ್ಯರ ದಕ್ಷಿಣ ಪ್ರಾಂತ್ಯದ ಕೇಂದ್ರ ಸುವರ್ಣಗಿರಿಯಿಂದ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಅಲ್ಲಿ ‘ಅಶೋಕ’ ಅನ್ನುವ ಹೆಸರೇ ಇಲ್ಲ, ‘ದೇವಾನಾಂಪಿಯ’ ಅಂತ ಮಾತ್ರ ಇದೆ. ಹಾಗಾದರೆ ಇದು ಅಶೋಕನದ್ದೇ ಅಂತ ಹೇಗೆ ಹೇಳುತ್ತಾರೆ? ಇಬ್ಬರು ಮಕ್ಕಳಿಗೆ ಆ ಪ್ರಶ್ನೆ ಕೊಡಿ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ, ‘ಅಶೋಕ’ ಅಂತ ಹೆಸರೇ ಇರುವ ಶಾಸನದವರೆಗೆ ಅವರು ಹೋಗಲೇಬೇಕಾಗುತ್ತದೆ.

ಉಳಿದವರಿಗೆ ಚಪಡನನ್ನು ಕೊಡಿ. ಆ ಶಾಸನ ಬರೆದ ಲಿಪಿಕಾರ ಅವನು. ಕೊನೆಯಲ್ಲಿ ತನ್ನ ಹೆಸರು ಹಾಕಿ, ‘ಲಿಪಿಕಾರ’ ಅನ್ನುವುದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಲಿಪಿ ನಡೆಯುತ್ತಿದ್ದದ್ದು ವಾಯವ್ಯ ಗಡಿಯ ಕಡೆ. ಅಲ್ಲಿಯ ಅಕ್ಷರ ನಮ್ಮ ಬಂಡೆಯ ಮೇಲೆ ಹೇಗೆ ಬಂತು? ವಿಶ್ವಕೋಶದಲ್ಲಿ ‘ಅಶೋಕ’, ‘ಬ್ರಹ್ಮಗಿರಿ’, ‘ಖರೋಷ್ಠಿ’ ಮೂರೂ ತೆರೆಯಬೇಕು. ಹಾಗಾಗಿ ಮೂರು ಗುಂಪು ಮಾಡಿ. ಓದಿ ಮುಗಿದ ಮೇಲೆ ಜಾಗಕ್ಕೂ ಕರೆದುಕೊಂಡು ಹೋಗಿ, ಬಿಸಿಲೇರುವ ಮುಂಚೆ. ಅಕ್ಷರ ಎದ್ದು ಕಾಣಲಿ ಅಂತ ಸೀಮೆಸುಣ್ಣ ಹಚ್ಚುವ ಚಾಳಿ ಕೆಲವರಿಗಿದೆ. ಅದು ಬೇಡ ಅಂತ ಹೊರಡುವಾಗಲೇ ಹೇಳಿಬಿಡಿ.