ಪದಚರ್ಚೆ: ದುಡ್ಡು ಹಾಕೋರು ಒಬ್ರು, ಅದರ ಲಾಭ ಇನ್ನೊಬ್ರಿಗೆ, ಇದಕ್ಕೆ ಕನ್ನಡದಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ, ಹಾಸನದಿಂದ ಬರೀತಿದೀನಿ. ನಮ್ಮಪ್ಪ, ಇಬ್ರು ಚಿಕ್ಕಪ್ಪಂದಿರು ಎಲ್ಲಾರ್ದೂ ಸೇರಿ ಹದಿನಾಲ್ಕು ಬಾಡಿಗೆ ಮನೆ ಇದಾವೆ, ಸಾಲಗಾಮೆ ರಸ್ತೆ ಕಡೆ ಒಂದೇ ವಠಾರದಲ್ಲಿ ಎಂಟು, ಉಳಿದವು ವಿದ್ಯಾನಗರದಲ್ಲೊಂದು ಉದಯಗಿರೀಲೊಂದು ಹೀಗೆ. ಬಾಡಿಗೆ ಲೆಕ್ಕ, ರಿಪೇರಿ, ಕರಾರುಪತ್ರ ಎಲ್ಲ ನೋಡ್ಕೊಳ್ಳೋದು ನಾನು. ಈ ಸಲ ಕರಾರು ಹೊಸದು ಮಾಡುವಾಗ ಕರೆಂಟು ಕಡಿಮೆ ಮಾಡೋದು, ಅದರಿಂದ ಇಂಗಾಲ ಕಡಿಮೆ ಮಾಡೋದು, ಇದರ ಬಗ್ಗೆ ಒಂದು ಪುಟ ಸೇರಿಸ್ಬೇಕು ಅಂತ ಇಂಗ್ಲಿಷಿನ ಒಂದು ಮಾದರಿ ಮುಂದಿಟ್ಕೊಂಡು ಕೂತೆ, ಎರಡು ಸಾಲು ದಾಟೋಷ್ಟರಲ್ಲಿ ಪದ ಸಿಗದೆ ನಿಂತ್ಬಿಟ್ಟೆ.

ಮುಖ್ಯವಾಗಿ ಸ್ಪ್ಲಿಟ್ ಇನ್ಸೆಂಟಿವ್ ಅನ್ನೋ ಮಾತು. ವಿಷಯ ಇಷ್ಟೇ. ಮನೆ ಮೇಲೆ ಸೋಲಾರ್ ಹಾಕಿಸೋ ಖರ್ಚು ಓನರ್‌ದು, ಅದರಿಂದ ಬಿಲ್ಲು ಕಡಿಮೆ ಆಗೋದು ಬಾಡಿಗೆಗಿರೋರಿಗೆ, ಹಾಗಾಗಿ ಓನರ್ ಹಾಕ್ಸಲ್ಲ. ಬಾಡಿಗೆಗಿರೋರು ತಾವೇ ಹಾಕಿಸ್ಕೊಳ್ಳೋಣ ಅಂದ್ರೆ ಕರಾರು ಇರೋದೇ ಹನ್ನೊಂದು ತಿಂಗಳಿಗೆ, ಹಾಕಿದ ದುಡ್ಡು ಹುಟ್ಟೋದ್ರೊಳಗೆ ಮನೆ ಖಾಲಿ ಮಾಡೋ ಹೊತ್ತು ಬರುತ್ತೆ, ಹಾಗಾಗಿ ಅವ್ರೂ ಹಾಕ್ಸಲ್ಲ. ಇಬ್ರೂ ತಪ್ಪು ಮಾಡ್ತಿಲ್ಲ, ಆದ್ರೆ ಕೆಲಸ ಮಾತ್ರ ಆಗಲ್ಲ. ಸುಮಾರು ದೇಶಗಳಲ್ಲಿ ಬಾಡಿಗೆ ಮನೆಗಳ ಒಂದು ದೊಡ್ಡ ಗಂಟು ಇದೇ. ಇಂಗ್ಲೆಂಡು ವೇಲ್ಸ್ ಕಡೆ ಇದಕ್ಕೆ ಕಾನೂನೇ ಮಾಡಿದ್ರು, ಕರೆಂಟು, ಗ್ಯಾಸು ಎಷ್ಟು ಮಿತವಾಗಿ ಸಾಕಾಗುತ್ತೆ ಅಂತ ನೋಡಿ ಮನೆಗಳಿಗೆ ಎ (ಒಳ್ಳೇದು) ಯಿಂದ ಜಿ (ಕೆಟ್ಟದ್ದು) ವರೆಗೆ ದರ್ಜೆ ಕೊಡ್ತಾರೆ, 2018ರ ಏಪ್ರಿಲ್‌ನಿಂದ ಇ ದರ್ಜೆಗಿಂತ ಕೆಳಗಿರೋ ಮನೇನ ವಿನಾಯಿತಿ ಇಲ್ದೆ ಹೊಸದಾಗಿ ಬಾಡಿಗೆಗೆ ಕೊಡೋ ಹಾಗಿಲ್ಲ, 2020ರಲ್ಲಿ ಹಳೇ ಬಾಡಿಗೆಗಳಿಗೂ ಅದೇ ಅನ್ವಯ ಆಯ್ತು. ನಮ್ಮಲ್ಲಿ ಆ ಥರ ಇಲ್ಲ, ಮಾತಾಡ್ಕೊಂಡೇ ಮಾಡ್ಬೇಕು, ಮಾತಾಡೋಕೆ ಪದ ಬೇಕು.

ಫೋನಲ್ಲಿ ಅನುವಾದ ಹಾಕಿ ನೋಡಿದ್ರೆ ವಿಭಜಿತ ಪ್ರೋತ್ಸಾಹಧನ ಅಂತ ಬಂತು. ಹಾಸನದಲ್ಲಿ ಪ್ರೋತ್ಸಾಹಧನ ಅಂದ್ರೆ ಡೈರಿಗೆ ಹಾಲು ಹಾಕೋರಿಗೆ ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡೋ ದುಡ್ಡು. ಕರಾರಲ್ಲಿ ಆ ಪದ ಬರೆದ್ರೆ ನಮ್ಮ ವಠಾರದೋರು ಮೊದಲು ಕೇಳೋದೇ ಯಾವಾಗ ಅಕೌಂಟಿಗೆ ಬತ್ತದೆ ಅಂತ. ನಾನು ದುಡ್ಡೊಬ್ಬರದು ಲಾಭವೊಬ್ಬರದು ಅಂತ ಬರೆದು ನೋಡ್ದೆ, ಅರ್ಥ ಆಗುತ್ತೆ, ಆದ್ರೆ ಓದಿದ್ರೆ ಯಾರೋ ಮೋಸ ಹೋದ ಹಾಗೆ ಕೇಳ್ಸುತ್ತೆ, ಬಿತ್ತಿದವನೊಬ್ಬ ಉಂಡವನೊಬ್ಬ ಅನ್ನೋ ಥರ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ವಲ್ಲ, ಅದಕ್ಕೇ ಆ ಮಾತು ಒಗ್ತಿಲ್ಲ.

ಈ ಗಂಟು ಬಿಚ್ಚೋಕೆ ನಾವು ಯೋಚಿಸಿರೋದು ಹೀಗೆ: ಸೋಲಾರ್ ವಾಟರ್ ಹೀಟರ್ ನಾವು ಹಾಕಿಸ್ತೀವಿ, ತಿಂಗಳಿಗೆ ಎಷ್ಟು ಉಳಿಯುತ್ತೋ ಅದರಲ್ಲಿ ಅರ್ಧ ಬಾಡಿಗೆಗಿರೋರಿಗೆ, ಅರ್ಧ ಬಾಡಿಗೆ ಜೊತೆ ನಮಗೆ, ಹಾಕಿದ ದುಡ್ಡು ತೀರಿದ ಮೇಲೆ ಪೂರ್ತಿ ಅವ್ರಿಗೆ. ಇದನ್ನ ವಠಾರದ ಮೂರನೇ ಮನೆ ಅಕ್ಕನಿಗೆ ಹೇಳ್ತಿದ್ದೆ, ಅವ್ರು ಅರಕಲಗೂಡು ಕಡೆಯೋರು, ಅರ್ಧ ಕೇಳೋಷ್ಟರಲ್ಲೇ "ಓ, ಕುರಿ ಪಾಲಿಗೆ ಬಿಟ್ಟಂಗೆ ಅನ್ನು" ಅಂದ್ಬಿಟ್ರು. ಕುರಿ ಒಬ್ರದು, ಮೇಯಿಸಿ ಸಾಕೋದು ಇನ್ನೊಬ್ರು, ಹುಟ್ಟಿದ ಮರಿ ಇಬ್ರಿಗೂ ಪಾಲು. ನಾನು ಎರಡು ದಿನ ಹುಡುಕ್ತಿದ್ದದ್ದು ಅವ್ರ ಬಾಯಲ್ಲಿ ಸಲೀಸಾಗಿ ಬಂತು. ಜಮೀನಿಗೂ ಇದೇ ಥರ ವಾರಕ್ಕೆ ಮಾಡೋದು ಅಂತೀವಲ್ಲ, ಕೆಲವು ಕಡೆ ಕೋರು ಅಂತಾನೂ ಅಂತಾರೆ, ಭೂಮಿ ಒಬ್ರದು ಗೇಯ್ಮೆ ಇನ್ನೊಬ್ರದು, ಗೊಬ್ಬರ ಬೀಜದ ಖರ್ಚು ಮಾತಾಡ್ಕೊಂಡ ಹಾಗೆ.

ಖುಷಿಯಾಗಿ ಅಪ್ಪನ ಹತ್ರ ಹೋಗಿ ಪಾಲು ಅಂತ ಬರೀತೀನಿ ಅಂದೆ, ಅವ್ರು ಒಪ್ಲಿಲ್ಲ. ಮನೆ ಪತ್ರದಲ್ಲಿ ಪಾಲು ಅಂದ್ರೆ ಪಾಲುಪಟ್ಟಿ, ಅಣ್ತಮ್ಮಂದಿರ ಹಿಸ್ಸೆ, ನಾಳೆ ಯಾರಾದ್ರೂ ಮನೇಲೇ ಪಾಲಿದೆ ಅಂದ್ರೆ ಏನ್ಮಾಡ್ತೀಯ ಅಂತ. ವಾರ ಅಂತ ಹಾಕ್ಲಾ ಅಂದ್ರೆ ಅದೂ ಬೇಡ, ಗೇಣಿ ವಾರ ಅನ್ನೋ ಮಾತೆಲ್ಲ ಮನೆ ಕರಾರಿಗೆ ತರ್ಬೇಡ ಅಂದ್ರು. 1974ರಲ್ಲಿ ದೇವರಾಜ ಅರಸು ಕಾಲದಲ್ಲಿ ಭೂಸುಧಾರಣೆ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯ ಆದಾಗ ಅಪ್ಪ ಹುಡುಗ, ಊರಲ್ಲಿ ಗೇಣಿ ಅನ್ನೋ ಪದದ ಮೇಲೆ ಎಷ್ಟು ಮನೆ ಕಥೆ ಬದಲಾಯ್ತು ಅಂತ ನೋಡಿದೋರು. ಆ ಕಾನೂನು ಆಗಿದ್ದು ಒಳ್ಳೇದೇ ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಅಪ್ಪನ ಅಂಜಿಕೆನ ತಳ್ಳಿಹಾಕೋಕಾಗಲ್ಲ, ಕರಾರಿಗೆ ಸಹಿ ಹಾಕೋರು ಅವ್ರು. ಸದ್ಯಕ್ಕೆ ಉಳಿಕೆ ಪಾಲು ಅಂತ ಬರ್ಕೊಂಡಿದೀನಿ, ಉಳಿದಿದ್ದರಲ್ಲಿ ಮಾತ್ರ ಪಾಲು ಅನ್ನೋ ಅರ್ಥದಲ್ಲಿ. ಇದು ಸರಿ ಕೇಳುತ್ತಾ? ಉಳಿಕೆ ಅಂದ್ರೆ ಬಾಕಿ ಅಂತ ಯಾರಾದ್ರೂ ತಿಳ್ಕೋತಾರಾ?

ಎರಡನೇದು ಉಳಿತಾಯ ಅನ್ನೋ ಪದದ ಬಗ್ಗೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಸುಮಾರು ಮನೆಗಳಿಗೆ ಬರೋದು ಜೀರೋ ಬಿಲ್ಲು. ಬಾಡಿಗೆದಾರರಿಗೂ ಅದು ಸಿಗುತ್ತೆ, ಮನೆಯ ಸರಾಸರಿ ಬಳಕೆ ಮೇಲೆ ಸ್ವಲ್ಪ ಸೇರಿಸಿ 200 ಯೂನಿಟ್ ಮೀರದ ಹಾಗೆ. ಬಡವರ ಮನೆಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ವಿದ್ಯುತ್ ಉಳಿತಾಯ ಮಾಡಿ ಅಂತ ಬರೆದ್ರೆ ಬಿಲ್ಲೇ ಇಲ್ವಲ್ಲ ಏನು ಉಳಿಸೋದು ಅಂತಾರೆ, ಯಾಕಂದ್ರೆ ಉಳಿತಾಯ ಅಂದ್ರೆ ಜನರ ಕಿವಿಗೆ ದುಡ್ಡೇ. ಮಿತವ್ಯಯ ಸರ್ಕಾರಿ ಬೋರ್ಡಿನ ಪದ. ಪೋಲು ಮಾಡ್ಬೇಡಿ ಅನ್ನೋದು ಮಾತ್ರ ಎಲ್ಲರಿಗೂ ತಟ್ಟುತ್ತೆ, ನಲ್ಲಿ ನೀರು ಪೋಲು, ಕರೆಂಟು ಪೋಲು. ಪತ್ರದಲ್ಲಿ ಪೋಲು ತಡೆ ಅಂತ ಬರೆದ್ರೆ ತೀರಾ ಬೈದ ಹಾಗಾಗುತ್ತಾ?

ಮೂರನೇದು ಹೊರಸೂಸುವಿಕೆ, ಅಂದ್ರೆ ಇಂಗ್ಲಿಷಿನ ಎಮಿಷನ್. ಪೇಪರಲ್ಲೆಲ್ಲ ಇಂಗಾಲ ಹೊರಸೂಸುವಿಕೆ ಅಂತಾನೇ ಬರುತ್ತೆ. ಇಂಗಾಲದ ಬಗ್ಗೆ ತಕರಾರಿಲ್ಲ, ಅಂಗಾರದಿಂದ ಬಂದ ಪದ, ಇದ್ದಿಲು ಅಂತ ಅರ್ಥ, ಮಕ್ಕಳೂ ಶಾಲೇಲಿ ಓದಿರ್ತಾರೆ. ಸೂಸೋದೇ ನನಗೆ ಸಮಾಧಾನ ಇಲ್ಲ. ಕನ್ನಡದಲ್ಲಿ ಪರಿಮಳ ಸೂಸುತ್ತೆ, ಬೆಳಕು ಸೂಸುತ್ತೆ, ನಗೆ ಸೂಸುತ್ತೆ. ಕೆಟ್ಟದ್ದಾದ್ರೆ ವಿಷ ಕಾರುತ್ತೆ, ಹೊಗೆ ಉಗುಳುತ್ತೆ. ಮೂರನೇ ಮನೆ ಅಕ್ಕನಿಗೆ ಈ ಸಾಲು ಓದಿ ಹೇಳಿದಾಗ ಅವ್ರು "ಅಲ್ಲ ಕಣಮ್ಮ, ನಮ್ಮನೇಲಿ ಹೊಗೆನೇ ಬರಕಿಲ್ವಲ್ಲ, ಹಂಡೆ ಒಲೆ ತೆಗೆಸಿ ಗೀಸರ್ ಹಾಕಿಲ್ವಾ" ಅಂದ್ರು. ಹಂಡೆ ಒಲೆ ಇದ್ದ ಗೋಡೆ ಬಚ್ಚಲಲ್ಲಿ ಇನ್ನೂ ಕರ್ರಗಿದೆ, ಎರಡು ಸಲ ಸುಣ್ಣ ಹೊಡೆದ್ರೂ ಮಸಿ ಮೇಲೆ ಬರುತ್ತೆ, ಅವ್ರಿಗೆ ಹೊಗೆ ಅಂದ್ರೆ ಅದು. ಗೀಸರಿನ ಹೊಗೆ ರಾಯಚೂರಲ್ಲೋ ಬಳ್ಳಾರೀಲೋ ಕಲ್ಲಿದ್ದಲು ಉರಿಸೋ ಕಡೆ ಏಳುತ್ತೆ, ಹಾಸನಕ್ಕೆ ಕಾಣಲ್ಲ.

ಅಕ್ಕನಿಗೆ ಕೊನೆಗೆ ನಾಟಿದ್ದು ಒಂದು ಲೆಕ್ಕ. ನಮ್ಮೂರು ಬಡವರ ಊಟಿ, ಏಸಿ ಯಾರ ಮನೇಲೂ ಇಲ್ಲ, ಬಿಸಿನೀರೇ ದೊಡ್ಡ ಖರ್ಚು. ಗೀಸರ್ 2000 ವಾಟ್‌ದು, ನಾಲ್ಕು ಜನ ಒಬ್ಬೊಬ್ಬರಿಗೆ ಕಾಲು ಗಂಟೆ ಅಂದ್ರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ದೇಶದ ಗ್ರಿಡ್ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ ಹತ್ರಹತ್ರ 0.7 ಕೆಜಿ ಇಂಗಾಲದ ಡೈಆಕ್ಸೈಡ್, ಅಲ್ಲಿಗೆ 42 ಕೆಜಿ. 14.2 ಕೆಜಿ ಗ್ಯಾಸ್ ಸಿಲಿಂಡರ್ ಪೂರ್ತಿ ಉರಿಸಿದ್ರೂ ಬರೋದು ಸುಮಾರು ಅಷ್ಟೇ. ಅಂದ್ರೆ ಗೀಸರ್ ತಿಂಗಳಿಗೊಂದು ಸಿಲಿಂಡರ್ ಖಾಲಿ ಮಾಡ್ತದೆ ಅನ್ನಿ ಅಂದೆ, ಅಕ್ಕ "ಅಯ್ಯೋ ಒಂದ್ ಸಿಲಿಂಡರಾ" ಅಂದು ಆವತ್ತಿಂದ ಮಕ್ಕಳ ಸ್ನಾನ ಒಟ್ಟಿಗೆ ಮುಗಿಸಿ ಸ್ವಿಚ್ ಆರಿಸ್ತಾರೆ. ಹಾಗಾಗಿ ಇಂಗಾಲದ ಹೆಜ್ಜೆಗುರುತು (ಕಾರ್ಬನ್ ಫುಟ್‌ಪ್ರಿಂಟ್) ಅನ್ನೋ ಮಾತು ಬಿಟ್ಟು ಹೊಗೆ ಲೆಕ್ಕ ಅಂತ ಹೆಸರಿಟ್ಟು, ಸಿಲಿಂಡರನ್ನೇ ಅಳತೆ ಮಾಡಿ ಬರೆಯೋಣ ಅಂತಿದೀನಿ. ಈ ಅನಿಲ ಕಣ್ಣಿಗೆ ಕಾಣೋ ಹೊಗೆ ಅಲ್ಲ ಅನ್ನೋದು ಗೊತ್ತು, ವಿಜ್ಞಾನ ಓದಿದೋರು ಇದನ್ನ ತಪ್ಪು ಅಂತೀರಾ, ಇಲ್ಲ ಆಡುಮಾತಿಗೆ ನಡೆಯುತ್ತೆ ಅಂತೀರಾ?

ಚಿಕ್ಕಮಗಳೂರು, ಸಕಲೇಶಪುರದ ಕಡೆಯೋರಿಗೆ ಇನ್ನೊಂದು ಪ್ರಶ್ನೆ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಕರೆಂಟಿನ ದುಡ್ಡು ಸಾಹುಕಾರ್ರೇ ಕಟ್ಟೋ ಕಡೆ, ರಿಪೇರಿ ಯಾರದು ಬಳಕೆ ಯಾರದು ಅನ್ನೋ ಮಾತು ಬಂದಾಗ ನೀವು ಯಾವ ಪದ ಬಳಸ್ತೀರ? ಪಾಲು, ವಾರ, ಕೋರು ಬಿಟ್ಟು ಬೇರೆ ಏನಾದ್ರೂ ಇದ್ರೆ ದಯವಿಟ್ಟು ತಿಳಿಸಿ, ಸೋಮವಾರ ಛಾಪಾಕಾಗದ ತಂದು ಟೈಪ್ ಮಾಡ್ಸೋಕೆ ಕೊಡ್ಬೇಕು.