ಪ್ರಶ್ನೋತ್ತರ: ಸರ್ವೀಸ್ ಬಾಗಿಲು ತಟ್ಟಿದ್ದು ಯಾರು?

(ಉತ್ತರ: ಆಂಡ್ರಾಯ್ಡ್ ಆಪ್‌ಗಳ ಭದ್ರತೆ ಪರೀಕ್ಷಿಸುವ ನಮ್ಮ ಗುಂಪಿನ ಮೇಡಂ)

ಹಾಸನದ ಹುಡುಗ: ಮೇಡಂ, ನಮ್ಮ ಬಿಲ್ಲಿಂಗ್ ಆಪ್ ನಮ್ಮದೇ ಪ್ರಿಂಟರ್ ಆಪ್‌ನ ಸರ್ವೀಸ್‌ಗೆ (ಹಿನ್ನೆಲೆಯಲ್ಲಿ ಓಡುವ ಭಾಗ) ಬೈಂಡ್ ಆಗುತ್ತೆ, ಅಂದರೆ ಕನೆಕ್ಟ್ ಆಗುತ್ತೆ. ಕನೆಕ್ಟ್ ಆಗುವಾಗ ಓಡುವ ಆನ್‌ಬೈಂಡ್ ಒಳಗೆ, ಕರೆದವರಿಗೆ ಅನುಮತಿ ಇದೆಯಾ ನೋಡುವ ಚೆಕ್‌ಕಾಲಿಂಗ್‌ಪರ್ಮಿಷನ್ ಹಾಕಿದೆ, ಯಾವಾಗಲೂ ಡಿನೈಡ್. ಒಂದು ಫಾರ್ವರ್ಡ್ ನೋಡಿ ಚೆಕ್‌ಕಾಲಿಂಗ್‌ಆರ್‌ಸೆಲ್ಫ್‌ಪರ್ಮಿಷನ್ ಮಾಡಿದೆ. ಈಗ ಸರಿಯಾಯ್ತು. ರಿಲೀಸ್ ಮಾಡಲಾ?

ಮೇಡಂ: ಮಾಡಬೇಡಿ! ಸರಿಯಾಗಿಲ್ಲ, ಬಾಗಿಲು ತೆರೆದುಬಿದ್ದಿದೆ. ಆನ್‌ಬೈಂಡನ್ನು ಓಡಿಸುವುದು ಸಿಸ್ಟಮ್, ಅದೂ ನಿಮ್ಮದೇ ಮೇನ್ ಥ್ರೆಡ್‌ನಲ್ಲಿ. ಅಲ್ಲಿ ಕರೆದವರು ಯಾರು ಅಂತ ಗೆಟ್‌ಕಾಲಿಂಗ್‌ಯುಐಡಿ ಕೇಳಿದರೆ ನಿಮ್ಮ ಯುಐಡಿಯೇ (ಸಿಸ್ಟಮ್ ಆಪ್‌ಗೆ ಕೊಡುವ ಗುರುತಿನ ಸಂಖ್ಯೆ) ಬರುತ್ತೆ. ಹೊರಗಿನವರು ಯಾರೂ ಕಾಣದ್ದಕ್ಕೆ ಮೊದಲನೆಯದು ಡಿನೈಡ್ ಅಂದಿತು. ಆರ್‌ಸೆಲ್ಫ್ ನಿಮಗೇ ಪರ್ಮಿಷನ್ ಇದೆಯಾ ಅಂತ ನೋಡಿತು. ಇದೆ, ಗ್ರಾಂಟೆಡ್! ಬಾಗಿಲು ತಟ್ಟಿದ್ದು ಯಾರು ಅಂತ ಕನ್ನಡಿ ನೋಡಿ ಹೇಳಿದ ಹಾಗೆ.

ಸಾಲದ್ದಕ್ಕೆ, ಒಂದೇ ಇಂಟೆಂಟ್‌ಗೆ (ಬೈಂಡ್ ಆಗಲು ಕಳಿಸುವ ಕೋರಿಕೆ) ಆನ್‌ಬೈಂಡ್ ಒಂದೇ ಸಲ ಓಡುತ್ತೆ. ಆಮೇಲೆ ಬಂದ ಆಪ್‌ಗೆ ಸಿಸ್ಟಮ್ ಮೊದಲಿನ ಬೈಂಡರನ್ನೇ (ಸರ್ವೀಸ್ ಜತೆ ಮಾತಾಡುವ ಕೊಂಡಿ) ಕೊಡುತ್ತೆ, ನಿಮ್ಮ ಚೆಕ್ ಓಡುವುದೇ ಇಲ್ಲ.

ಎಐಡಿಎಲ್ ಮೆಥಡ್‌ನ (ಬೇರೆ ಆಪ್ ಕರೆಯುವ ಸರ್ವೀಸ್ ಫಂಕ್ಷನ್) ಮೊದಲ ಸಾಲಿನಲ್ಲೇ, ಅನುಮತಿ ಇಲ್ಲದವರನ್ನು ತಡೆಯುವ ಎನ್‌ಫೋರ್ಸ್‌ಕಾಲಿಂಗ್‌ಪರ್ಮಿಷನ್ ಹಾಕಿ. ಕೆಲಸವನ್ನು ಇನ್ನೊಂದು ಥ್ರೆಡ್‌ಗೆ ದಾಟಿಸುವ ಹ್ಯಾಂಡ್ಲರ್‌ಗೆ ಪೋಸ್ಟ್ ಮಾಡುವ ಮುಂಚೆ. ಥ್ರೆಡ್ ಬದಲಾದರೆ ಕರೆದವರ ಗುರುತು ಹೋಯಿತು. ಎರಡೂ ಆಪ್ ನಿಮ್ಮದೇ ಅಲ್ವಾ, ಒಂದೇ ಕೀನಿಂದ ಸೈನ್ ಮಾಡಿ, ಆಪ್‌ನ ವಿವರ ಇರುವ ಮ್ಯಾನಿಫೆಸ್ಟ್ ಫೈಲ್‌ನ ಸರ್ವೀಸ್ ಟ್ಯಾಗ್‌ಗೆ ಸಿಗ್ನೇಚರ್ ಪರ್ಮಿಷನ್ (ಅದೇ ಕೀ ಇರುವ ಆಪ್‌ಗೆ ಮಾತ್ರ ಸಿಗುವ ಅನುಮತಿ) ಕೊಡಿ. ಬೇರೆಯವರ ಆಪ್ ಬೈಂಡ್ ಆಗಲಿಕ್ಕೇ ಬರಲ್ಲ. ಪರ್ಮಿಷನ್ ಇಲ್ಲದ ಮೂರನೇ ಆಪ್ ಒಂದನ್ನು ಬರೆದು ತಟ್ಟಿ ನೋಡಿ.

ಕೋಡ್ ಕಾಫಿ: ಎಕ್ಸ್‌ಪೋರ್ಟೆಡ್ ಫಾಲ್ಸ್ ಮಾಡಿ ಹೊರಗಿನ ಆಪ್‌ಗಳಿಗೆ ಸರ್ವೀಸ್ ಮುಚ್ಚಿದರೆ ಮುಗೀತಲ್ವಾ?

ಮೇಡಂ: ಮುಗೀತು. ಅವರ ಬಿಲ್ಲಿಂಗ್ ಆಪ್ ಕೂಡ ಮುಗೀತು.

ಹೊಸ ಡೆವಲಪರ್: ಪ್ಯಾಕೇಜ್ ಹೆಸರನ್ನು ಆರ್ಗ್ಯುಮೆಂಟ್ ಆಗಿ ಕಳಿಸಲು ಹೇಳಿ ಹೋಲಿಸಿದರೆ ಸಾಕಾ ಮೇಡಂ?

ಮೇಡಂ: ಕಳ್ಳನ ಹೆಸರು ಕಳ್ಳನನ್ನೇ ಕೇಳ್ತೀರಾ? ಯುಐಡಿಯನ್ನು ಸಿಸ್ಟಮ್‌ನ ತಿರುಳಾದ ಕರ್ನಲ್ ಕೊಡುತ್ತೆ, ಅದನ್ನು ನೋಡಿ.

ಸೀನಿಯರ್ ಸೆಮಿಕೋಲನ್: ನಾವು ಪಿಐಡಿ (ಪ್ರೋಸೆಸ್ ನಂಬರ್) ನೋಡ್ತೀವಿ. ವರ್ಷಗಳಿಂದ ನಡೀತಿದೆ.

ಕೋಡ್ ಕಾಫಿ: ಒನ್‌ವೇ ಕಾಲ್‌ನಲ್ಲಿ (ಉತ್ತರಕ್ಕೆ ಕಾಯದ ಕಾಲ್) ಪಿಐಡಿ 0 ಬರುತ್ತೆ ಸಾರ್.

ಸೀನಿಯರ್ ಸೆಮಿಕೋಲನ್: ನಮ್ಮಲ್ಲಿ ಒನ್‌ವೇ ಇಲ್ಲ. ಸುಮ್ನೆ ಪಾಠ ಬೇಡ.

ಕೋಡ್ ಕಾಫಿ: ಪ್ರೋಸೆಸ್ ಸತ್ತರೆ ಅದೇ ಪಿಐಡಿ ಇನ್ನೊಂದಕ್ಕೆ ಹೋಗುತ್ತೆ. ಅದೂ ನಿಮ್ಮಲ್ಲಿ ಇಲ್ವಾ?

ಮೈಸೂರು ಪಾಕ್: ಫ್ಲಟರ್‌ನಲ್ಲಿ (ಆಪ್ ಬರೆಯುವ ಇನ್ನೊಂದು ಟೂಲ್‌ಕಿಟ್) ಇದನ್ನೆಲ್ಲ ಎಲ್ಲಿ ಹಾಕೋದು?

ಸೀನಿಯರ್ ಸೆಮಿಕೋಲನ್: ಕೋಡ್ ಕಾಫಿ, ನೀವು ಎಷ್ಟು ಆಪ್ ಮಾಡಿದ್ದೀರಿ ಮೊದಲು ಹೇಳಿ.

ಸಂಜೆ ಬಿಲ್ಡ್: ಮೇಡಂ, ನಮಗೂ ಡಿನೈಡ್ ಬರ್ತಿದೆ. ಆರ್‌ಸೆಲ್ಫ್ ಹಾಕಬಹುದಾ?

ಮೇಡಂ: ಮೇಲೆ ಓದಿ. ಆ ಫಾರ್ವರ್ಡ್ ಮತ್ತೆ ಹಾಕಿದರೆ ಡಿಲೀಟ್ ಮಾಡ್ತೀನಿ.

ಹಾಸನದ ಹುಡುಗ: ಆರ್‌ಸೆಲ್ಫ್ ಇರುವ ಹಳೇ ಕೋಡ್ ಮೇಲೇ ಮೂರನೇ ಆಪ್ ಬರೆದು ನೋಡಿದೆ ಮೇಡಂ. ಬಿಲ್ ಪ್ರಿಂಟ್ ಆಗೇಬಿಟ್ಟಿತು.